ಎರಡನೇ ಸೌಟಿನ ನಿಯಮಾವಳಿ

ಸಾನ್ ಇಲ್ದೆಫೋನ್ಸೋ ಪುರಸಭೆಯ ವ್ಯಾಪ್ತಿಯಲ್ಲಿ ಪರವೂರಿನವರಿಗೆ ಹಸಿವಾಗುವುದನ್ನು ಯಾವ ಕಾನೂನೂ ತಡೆದಿರಲಿಲ್ಲ. ಆದರೆ ಆ ಹಸಿವಿಗೆ ಉತ್ತರ ಹೇಳುವ ಅಧಿಕಾರವನ್ನೂ ಯಾರಿಗೂ ಕೊಟ್ಟಿರಲಿಲ್ಲ. ಈ ಲೋಪ ಬೆಳಕಿಗೆ ಬಂದದ್ದು ಒಂದು ಮಂಗಳವಾರ, ಬೆನ್ನಿಗೆ ಚೀಲ ಕಟ್ಟಿಕೊಂಡ ಒಬ್ಬ ಗ್ರಿಂಗೋ, ಅಂದರೆ ಬಿಳಿಯ ವಿದೇಶಿ ಪ್ರವಾಸಿ, ಪುರಸಭೆಯ ವಿಚಾರಣೆ ಕಿಟಕಿಗೆ ಮುಖವಿಟ್ಟು, "ಈ ಊರಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?" ಎಂದು ಕೇಳಿದಾಗ.

ಕಿಟಕಿಯಲ್ಲಿದ್ದವನು ಗುಮಾಸ್ತ ವಾಲ್ತರ್ ಕೊಂದಾರ್ಕೋ, ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರ. ಅವನು ಯೋಚನೆಯನ್ನೇ ಮಾಡದೆ ಬಾಯಿಬಿಟ್ಟ. "ಮಾರ್ಕೆಟ್ಟಿಗೆ ಹೋಗಿ, ಹದಿನಾಲ್ಕನೇ ಬೆಂಚು. ದೋನ್ಯಾ ಸತುರ್ನಿನಾ ಅಂತ, ಸಾರು ಮಾಡೋ ಅಮ್ಮ. ಕಡಲೆಕಾಯಿ ಸಾರು ಕುಡೀರಿ. ಎರಡನೇ ಸೌಟು ಹಾಕ್ತಾರೆ, ಬೇಡ ಅಂದೀರಾ ಮತ್ತೆ, ಬೈತಾರೆ."

ಗ್ರಿಂಗೋ ಹೋದ, ಉಂಡ, ವಾಪಸು ಬಂದು ವಾಲ್ತರನ ಕೈ ಕುಲುಕಿ ಹೋದ. ಆ ಕಿಟಕಿಗೆ ಒಂದು ಸಲ ಬಂದವರು ನಗುನಗುತ್ತಾ ಎರಡನೇ ಸಲ ಬಂದದ್ದು ಪುರಸಭೆಯ ಇತಿಹಾಸದಲ್ಲೇ ಮೊದಲು. ಹಾಗಾಗಿ ಸಂಜೆಯೊಳಗೆ ವಿಚಾರಣೆ ಶುರುವಾಯಿತು.

ವಿಭಾಗದ ಮುಖ್ಯಸ್ಥರು ಓವಿದ್ಯೋ ತೆರ್ರಾಸಾಸ್. ವಕೀಲಿ ಓದಿದವರಾದ್ದರಿಂದ ಊರವರೆಲ್ಲ ಅವರನ್ನು ಡಾಕ್ಟರೇ ಎನ್ನುತ್ತಿದ್ದರು. ಜ್ವರ ಬಂದವರು ಮಾತ್ರ ಅವರ ಹತ್ತಿರ ಹೋಗುತ್ತಿರಲಿಲ್ಲ.

"ಕೊಂದಾರ್ಕೋ, ಯಾವ ಕಡತದ ಆಧಾರದ ಮೇಲೆ ಉತ್ತರ ಕೊಟ್ರಿ?"

"ಕಡತ ಇಲ್ಲ ಡಾಕ್ಟರೇ. ನಾನು ದಿನಾ ಅಲ್ಲೇ ಉಣ್ಣೋದು."

"ಅಂದ್ರೆ ಹೊಟ್ಟೆ ಆಧಾರದ ಮೇಲೆ. ಹೊಟ್ಟೆಗೆ ದಾಖಲೆ ಸಂಖ್ಯೆ ಇದೆಯಾ?"

ಇರಲಿಲ್ಲ. ಮಾರನೆಯ ದಿನ ಪ್ರಕಟಣೆ ಹೊರಬಿತ್ತು.

"ಪ್ರವಾಸಿಗರು ಎಲ್ಲೆಂದರಲ್ಲಿ ಉಣ್ಣುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿಯವರು ಉಣ್ಣತಕ್ಕ ಸ್ಥಳಗಳ ಅಧಿಕೃತ ಪಟ್ಟಿಯನ್ನು ಊರಿನ ಸ್ಥಾಪನಾ ದಿನದೊಳಗಾಗಿ ಪ್ರಕಟಿಸಲಾಗುವುದು. ಪಟ್ಟಿಯಲ್ಲಿ ಇಲ್ಲದವರ ಬೆಂಚುಗಳನ್ನು ಅದೇ ದಿನ ಮಾರುಕಟ್ಟೆಯಿಂದ ತೆರವುಗೊಳಿಸಲಾಗುವುದು. ಅಲ್ಲಿಯತನಕ ಹಸಿವು ಸಹಕರಿಸಬೇಕಾಗಿ ಕೋರಿದೆ."

ತಪಾಸಣೆಯ ಹೊಣೆ ವಾಲ್ತರನ ತಲೆಗೇ ಬಿತ್ತು. ಅವನು ನಲವತ್ತೊಂದು ನಿಯಮಗಳಿಗೆ ನಲವತ್ತೊಂದು ಪ್ರಶ್ನೆಗಳ ನಮೂನೆ ಹಿಡಿದು ಮೊದಲು ಹೋದದ್ದು ಹದಿನಾಲ್ಕನೇ ಬೆಂಚಿಗೇ. ಅದು ಸತುರ್ನಿನಾಳ ತಾಯಿ ಕೂತ ಬೆಂಚು, ಅದಕ್ಕೂ ಮೊದಲು ಅಜ್ಜಿ ಕೂತದ್ದು. ಅದು ಹೋದರೆ ಅವಳಿಗೆ ಇನ್ನೊಂದು ಬದುಕು ಗೊತ್ತಿಲ್ಲ ಎಂಬುದು ವಾಲ್ತರನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಪ್ರತಿ ಉತ್ತರವನ್ನೂ ಅಂದವಾದ ಅಕ್ಷರದಲ್ಲಿ ಬರೆಯುತ್ತಿದ್ದ.

"ಯಂತ್ರೋಪಕರಣ ಏನೇನಿದೆ ದೋನ್ಯಾ?"

"ಕಲ್ಲು. ಚಟ್ನಿ ಅರೆಯೋದು."

"ಇಂಧನ?"

"ನನ್ನ ರಟ್ಟೆ ಕಣೋ! ಕಣ್ಣು ಕಾಣಲ್ವಾ ನಿಂಗೆ?"

ವಾಲ್ತರ್ 'ರಟ್ಟೆ' ಎಂದು ಬರೆದುಕೊಂಡ. ಒಂಬತ್ತನೇ ನಿಯಮದ ಪ್ರಕಾರ ಅಡುಗೆಯವರು ಕಾಗದದ ಟೋಪಿ ಹಾಕತಕ್ಕದ್ದು. ಸತುರ್ನಿನಾಳ ತಲೆಯ ಮೇಲೆ ಆಗಲೇ ಆ ಸೀಮೆಯ ಹೆಂಗಸರ ಎತ್ತರದ ಬಿಳಿ ಹ್ಯಾಟಿತ್ತು. ಅದನ್ನು ತೆಗೆಯಿರಿ ಎನ್ನುವಷ್ಟು ಧೈರ್ಯ ಪುರಸಭೆಗೂ ಇಲ್ಲ, ಅದರ ಅಪ್ಪನಿಗೂ ಇಲ್ಲ. ಕೊನೆಗೆ ಹ್ಯಾಟಿನ ತುದಿಗೆ ಟೋಪಿ ಏರಿಸಲಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದ ಹಾಗಾಯಿತು, ಆದರೂ ನಿಯಮ ಪಾಲನೆಯಾಯಿತು.

ಇಪ್ಪತ್ಮೂರನೇ ಪ್ರಶ್ನೆ ಹೀಗಿತ್ತು: ದರಪಟ್ಟಿಯಲ್ಲಿ ನಮೂದಿಸದ ಯಾವುದನ್ನಾದರೂ ಗಿರಾಕಿಗೆ ನೀಡಲಾಗುತ್ತದೆಯೇ?

ಅಷ್ಟರಲ್ಲಿ ವಾಲ್ತರನ ಮುಂದಿದ್ದ ಸಾರಿನ ಬಟ್ಟಲು ಖಾಲಿಯಾಗಿತ್ತು. ಸತುರ್ನಿನಾ ಮಾತಾಡುತ್ತಲೇ ಎರಡನೇ ಸೌಟು ಸುರಿದಳು. ಮೇಲೆ ನಾಲ್ಕು ಹುರಿದ ಆಲೂಗಡ್ಡೆ ಚೂರು ಉದುರಿಸಿದಳು. ವಾಲ್ತರ್ ಬಟ್ಟಲು ನೋಡಿದ, ಪೆನ್ನು ನೋಡಿದ. ಪಾಪ, ಪ್ರಾಮಾಣಿಕ ಮನುಷ್ಯ. "ಹೌದು. ಒಂದು ಸೌಟು. ಬಿಸಿ" ಎಂದು ಬರೆದ.

"ಇದೇನ್ರೀ ಇದು?" ಎಂದರು ತೆರ್ರಾಸಾಸ್, ಕಚೇರಿಯಲ್ಲಿ ನಮೂನೆ ಓದುತ್ತಾ.

"ಕೊಸರು ಡಾಕ್ಟರೇ. ಮಾರ್ಕೆಟ್ನಲ್ಲಿ ಎಲ್ರೂ ಕೊಡ್ತಾರೆ. ನಿಮ್ಮ ತಾಯಿಯೋರೂ ಜಗಳ ಆಡಿ ಹಾಕಿಸ್ಕೋತಾರೆ."

"ನಮ್ಮಮ್ಮನ್ನ ಕಡತಕ್ಕೆ ತರಬೇಡಿ. ಬೆಲೆ ಇಲ್ಲದ ವಸ್ತು ಕೈ ಬದಲಾಯಿಸಿದ್ರೆ ಅದಕ್ಕೆ ಎರಡೇ ಹೆಸರು. ಒಂದು ದಾನ, ಇನ್ನೊಂದು ಲಂಚ. ದಾನಕ್ಕೆ ಪಾದ್ರಿಗಳ ಒಪ್ಪಿಗೆ ಬೇಕು."

"ಲಂಚಕ್ಕೆ?"

"ಅದಕ್ಕೆ ನಮ್ಮ ಒಪ್ಪಿಗೆ ಸಾಕು. ಆದ್ರೆ ಅಳತೆ ನಿಗದಿ ಆಗ್ಬೇಕು."

ಹೀಗೆ ಕೊಸರು ನಿಯಮಾವಳಿ ಜಾರಿಗೆ ಬಂತು. ಎರಡನೇ ಸೌಟು ಬಯಸುವ ಪ್ರವಾಸಿ ಮೂರು ಕೆಲಸದ ದಿನ ಮುಂಚಿತವಾಗಿ ಅರ್ಜಿ ಹಾಕತಕ್ಕದ್ದು. ಜೊತೆಗೆ ಎರಡು ಭಾವಚಿತ್ರ, ಒಂದು ಹಸಿದಾಗಿನದು, ಒಂದು ಮೊದಲನೇ ಸೌಟು ಮುಗಿದಾಗಿನದು. ಅರ್ಜಿ ವಿಲೇವಾರಿಯಾಗುವ ತನಕ ಬಟ್ಟಲನ್ನು ತೊಳೆಯಕೂಡದು.

ಸುದ್ದಿ ತಿಳಿದ ಸತುರ್ನಿನಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ಉಂಡ ಮನೆಗೆ ಎರಡು ಬಗೆದೆಯಲ್ಲೋ ವಾಲ್ತರಾ! ಕೊಸರು ಹಾಕ್ದೆ ಸಾರು ಮಾರಿದ್ರೆ ನಮ್ಮಮ್ಮ ಗೋರಿಯಿಂದ ಎದ್ದುಬಂದು ಸೌಟಲ್ಲೇ ಬಡೀತಾಳೆ ನನ್ನ."

"ನಿಜಾನೇ ಬರೆದೆ ದೋನ್ಯಾ..."

"ನಿಜ ಬರೆಯೋಕೆ ನಿಂಗೆ ಸಂಬಳ ಕೊಡ್ತಾರೇನೋ? ಮಾಡಿದ್ದುಣ್ಣೋ ಮಹರಾಯ! ಇವತ್ತಿಂದ ನಿಂಗೆ ಒಂದೇ ಸೌಟು."

ಒಂದೇ ಸೌಟು ಬಿತ್ತು. ಪಕ್ಕದಲ್ಲಿ ಕೂತ ಮೂಟೆ ಹೊರುವವನಿಗೆ ಎರಡು, ಪೊಲೀಸಿನವನಿಗೆ ಎರಡು, ಅವನ ನಾಯಿಗೂ ಒಂದು ಮೂಳೆ. ವಾಲ್ತರ್ ಬಟ್ಟಲಿನ ತಳವನ್ನು ಬೆರಳಲ್ಲಿ ಬಳಿದು ನೆಕ್ಕಿದ. ಒಂಬತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಏಕೈಕ ಬಡ್ತಿ ಆ ಎರಡನೇ ಸೌಟು.

ಇತ್ತ ಕೊಸರಿನ ಅಳತೆ ನಿಗದಿಪಡಿಸಲು ಮಾದರಿಗಳು ಬೇಕಾದವು. ಮೂವತ್ತೊಂದು ಬೆಂಚಿನವರೂ ದಿನಾ ಮಧ್ಯಾಹ್ನ ಒಂದೊಂದು ಪಾತ್ರೆ ಕಚೇರಿಗೆ ತಂದೊಪ್ಪಿಸಬೇಕೆಂದು ಆದೇಶವಾಯಿತು. ಮಾದರಿ ತಣ್ಣಗಿದ್ದರೆ ಅಳತೆ ತಪ್ಪುತ್ತದೆ ಎಂದು ತೆರ್ರಾಸಾಸ್ ಎರಡನೇ ವಾರ ಕಂಡುಹಿಡಿದರು. ಅದಕ್ಕೆ ಒಲೆಗಳನ್ನೇ ಪುರಸಭೆಯ ಅಂಗಳಕ್ಕೆ ತರಿಸಲಾಯಿತು. ಒಂದು ಸಲ ಅಳೆದರೆ ಸಾಲದು ಎಂದು ಕಂದಾಯ ವಿಭಾಗ, ನೀರು ವಿಭಾಗ, ಸ್ಮಶಾನ ವಿಭಾಗದವರೂ ಬಂದು ಅಳೆದರು. ಅವರ ಬೆಲ್ಟುಗಳು ಒಂದೊಂದೇ ತೂತು ಸಡಿಲವಾಗುತ್ತಾ ಹೋದವು, ಅಳತೆ ಮಾತ್ರ ನಿಗದಿಯಾಗಲಿಲ್ಲ.

ಘಮಕ್ಕೆ ಗ್ರಿಂಗೋಗಳು ಬರತೊಡಗಿದರು. ಮಾದರಿಯನ್ನು ಹೊರಗಿನವರು ತಿನ್ನುವಂತಿಲ್ಲವಲ್ಲ, ಅದಕ್ಕೆ ವಾಲ್ತರ್ ಕಿಟಕಿಯಲ್ಲಿ ಕೂತು ಪ್ರತಿಯೊಬ್ಬರಿಗೂ 'ತಾತ್ಕಾಲಿಕ ಪರೀಕ್ಷಕ' ಎಂದು ನೇಮಕಾತಿ ಪತ್ರ ಬರೆದುಕೊಟ್ಟ. ಅವರು ಪತ್ರವನ್ನು ಜೇಬಿಗಿಟ್ಟು, ಸಾರು ಕುಡಿದು, ರಾಜೀನಾಮೆ ಕೊಟ್ಟು ಸಂಜೆಯ ಬಸ್ಸು ಹತ್ತುತ್ತಿದ್ದರು.

ಸ್ಥಾಪನಾ ದಿನಕ್ಕೆ ಎರಡೇ ದಿನ ಉಳಿಯಿತು. ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ನಮೂನೆ ಕೇಳುವ ಗೋಡೆ ಗಡಿಯಾರ, ಧ್ವಜ, ಬೆಂಕಿ ಆರಿಸುವ ಮರಳಿನ ಬಕೆಟ್ಟು, ಸರತಿಗೆ ಹಗ್ಗ, 'ಉಗುಳಬಾರದು' ಫಲಕ, ಇಷ್ಟೆಲ್ಲ ಮಾರುಕಟ್ಟೆಯ ಯಾವ ಬೆಂಚಿಗಿದೆ? ಸತುರ್ನಿನಾ ಬೈಯುವುದನ್ನು ನಿಲ್ಲಿಸಿದ್ದಳು. ಅದೇ ವಾಲ್ತರನಿಗೆ ಭಯ ಹುಟ್ಟಿಸಿತು.

"ಬೆಂಚು ಒಡೆದು ಸೌದೆ ಮಾಡ್ತಾರಂತಲ್ಲೋ," ಎಂದಳು ಮೆಲ್ಲಗೆ, ಪುರಸಭೆಯ ಅಂಗಳದಲ್ಲಿ ಒಲೆ ಊದುತ್ತಾ. "ಅಜ್ಜಿ ಕೂತೂ ಕೂತೂ ಒಂದು ಕಡೆ ಗುಳಿ ಬಿದ್ದಿದೆ. ಹಳೇ ಸೌದೆ ಅಂತ ಒಲೆಗೆ ಎಸೆದುಬಿಡ್ತಾರೆ."

ವಾಲ್ತರ್ ತಲೆ ಎತ್ತಿದ. ಅಂಗಳದ ಗೋಡೆಯಲ್ಲಿ ಗಡಿಯಾರವಿತ್ತು. ಪಕ್ಕದಲ್ಲಿ ಧ್ವಜ. ಕೆಳಗೆ ಮರಳಿನ ಬಕೆಟ್ಟು, ಅದರ ಮೇಲೆ 'ಉಗುಳಬಾರದು'. ಅಯ್ಯೋ ದೇವರೇ, ಎಂದುಕೊಂಡು ಕಚೇರಿಯೊಳಕ್ಕೆ ಓಡಿದ.

"ಒಂದೇ ಹೆಸರಾ?" ಎಂದರು ತೆರ್ರಾಸಾಸ್ ಪಟ್ಟಿ ಹಿಡಿದು.

"ನಲವತ್ತೊಂದೂ ನಿಯಮ ಪಾಲಿಸೋ ಜಾಗ ಊರಲ್ಲಿ ಒಂದೇ ಡಾಕ್ಟರೇ. ನಮ್ಮ ಕಚೇರಿ."

ತೆರ್ರಾಸಾಸ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವರ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಚೇರಿ ಯಾವುದರಲ್ಲೂ ಮೊದಲನೇ ಸ್ಥಾನ ಪಡೆದಿರಲಿಲ್ಲ. "ನ್ಯಾಯವಾದದ್ದು," ಎಂದು ಸಹಿ ಹಾಕಿದರು. "ಆದ್ರೆ ಬೆಂಚುಗಳನ್ನ ತೆರವು ಮಾಡ್ಲೇಬೇಕು. ಆದೇಶ ಆಗಿದೆ."

"ಮಾಡೋಣ ಡಾಕ್ಟರೇ. ಎಲ್ಲಿಗೆ ಅಂತ ಆದೇಶದಲ್ಲಿ ಬರೆದಿಲ್ಲ."

ಸ್ಥಾಪನಾ ದಿನ ಮೆರವಣಿಗೆ ಹೊರಟಿತು. ಮುಂದೆ ಕಹಳೆಯವರು, ಅವರ ಹಿಂದೆ ಶಾಲೆಯ ಮಕ್ಕಳು, ಹಿಂದಿನಿಂದ ತೆರವುಗೊಂಡ ಮೂವತ್ತೊಂದು ಬೆಂಚು. ಹದಿನಾಲ್ಕನೇ ಬೆಂಚಿನ ಒಂದು ತುದಿ ವಾಲ್ತರನ ಹೆಗಲ ಮೇಲಿತ್ತು. ಜನ ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಬೆಂಚುಗಳು ಪುರಸಭೆಯ ಅಂಗಳ ದಾಟಿ ಕಡತದ ಕೋಣೆ, ಮೆಟ್ಟಿಲು, ಸಭಾಂಗಣದವರೆಗೂ ಹರಡಿಕೊಂಡವು. ಕಚೇರಿಗೆ ಜಾಗ ಸಾಲದೆ, ಆಡಳಿತಾತ್ಮಕ ಕಾರಣಗಳಿಂದ ವಿಭಾಗವನ್ನು ಮಾರುಕಟ್ಟೆಯಲ್ಲಿ ಖಾಲಿ ಬಿದ್ದ ಊಟದ ಸಾಲಿಗೆ ಸ್ಥಳಾಂತರಿಸಲಾಯಿತು.

ಈಗ ತೆರ್ರಾಸಾಸ್ ಈರುಳ್ಳಿಯವಳ ಮತ್ತು ಬಾಳೆಹಣ್ಣಿನವಳ ನಡುವೆ ಮೇಜು ಹಾಕಿಕೊಂಡು ಕೂರುತ್ತಾರೆ. ಮೊದಲ ದಿನವೇ ಸತುರ್ನಿನಾ ಪರವಾನಗಿ ಮಾಡಿಸಲು ಬಂದಳು. ಅವರು ಕಾಗದದ ಮೇಲೆ ಮುದ್ರೆ ಒತ್ತಿದರು. ಅವಳು ಕದಲಲಿಲ್ಲ, ಕಾಗದ ಚಾಚಿಕೊಂಡೇ ನಿಂತಳು.

"ಇನ್ನೇನಮ್ಮಾ?"

"ಕೊಸರು, ಡಾಕ್ಟರೇ."

ಅವರು ನಿಯಮಾವಳಿ ತಿರುವಿ ನೋಡಿದರು. ಮುದ್ರೆಗೆ ಕೊಸರಿಲ್ಲ ಎಂದು ಎಲ್ಲೂ ಇರಲಿಲ್ಲ. ಈರುಳ್ಳಿಯವಳೂ ಬಾಳೆಹಣ್ಣಿನವಳೂ, "ಮಾರ್ಕೆಟ್ನಲ್ಲಿ ಕೂತ್ಮೇಲೆ ಹಾಕ್ಬೇಕಪ್ಪಾ," ಎಂದರು. ತೆರ್ರಾಸಾಸ್ ಪಕ್ಕದಲ್ಲೇ ಇನ್ನೊಂದು ಮುದ್ರೆ ಒತ್ತಿದರು. ಅಂದಿನಿಂದ ಸಾನ್ ಇಲ್ದೆಫೋನ್ಸೋದಲ್ಲಿ ಒಂದೇ ಮುದ್ರೆಯಿರುವ ಕಾಗದವನ್ನು ಯಾರೂ ಮುಟ್ಟುವುದಿಲ್ಲ, ಕಳ್ಳಕಾಗದ ಎನ್ನುತ್ತಾರೆ.

ವಾಲ್ತರ್ ಇವತ್ತಿಗೂ ತಾತ್ಕಾಲಿಕ ನೌಕರನೇ. ಗ್ರಿಂಗೋಗಳು ಬಂದು ಊಟ ಎಲ್ಲಿ ಎಂದರೆ, "ಪುರಸಭೆಗೆ ಹೋಗಿ," ಎನ್ನುತ್ತಾನೆ. ಪುರಸಭೆ ಎಲ್ಲಿ ಎಂದು ಕೇಳಿದವರಿಗೆ, "ಮಾರ್ಕೆಟ್ನಲ್ಲಿ. ಆದ್ರೆ ಊಟ ಅಲ್ಲಿಲ್ಲ," ಎನ್ನುತ್ತಾನೆ. ಅವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಅವನು ಅಂಗಳಕ್ಕೆ ಹೋಗಿ, ಅಜ್ಜಿ ಕೂತ ಗುಳಿಯ ಪಕ್ಕದಲ್ಲಿ ಕೂರುತ್ತಾನೆ. ಹ್ಯಾಟಿನ ಮೇಲೆ ಟೋಪಿ ಇಟ್ಟ ಸತುರ್ನಿನಾ ಒಂದು ಸೌಟು ಹಾಕಿ, ಅವನು ಮುಗಿಸುವ ತನಕ ಕಾದು ಕೇಳುತ್ತಾಳೆ:

"ಅರ್ಜಿ ತಂದಿದೀಯೇನೋ?"

"ಇಲ್ಲ ದೋನ್ಯಾ."

"ಹಂಗಾದ್ರೆ ಬಟ್ಟಲು ಚಾಚು."