ಕೂಗುವ ಮತಪತ್ರ

ಸೇಡಂ ಬಸ್ ಸ್ಟ್ಯಾಂಡಿನ ಎದುರಿನ ಚಹಾದ ಹೋಟೆಲಿನಲ್ಲಿ ದೇವಾನಂದ ಮಾಸ್ತರರು ಹನ್ನೆರಡು ವರ್ಷಗಳಿಂದ ಮತಯಂತ್ರದ ಮೇಲೆ ಯುದ್ಧ ಸಾರಿದ್ದರು.

"ಆ ಡಬ್ಬಿ ಒಳಗ ಏನ್ ನಡದದಂತ ಯಾರಿಗಿ ಗೊತ್ತದರಿ? ಕಾಗದ ಹಂಗಲ್ಲ. ಕಣ್ಣಿಗಿ ಕಾಣ್ತದ, ಕೈಗಿ ಹತ್ತತದ!" ಎಂದು ಅವರು ಮೇಜು ಗುದ್ದಿದರೆ ಪಕ್ಕದವರ ಬಸಿಯೊಳಗಿನ ಚಹಾ ಕೂಡ ಹೌದೆಂದು ತಲೆದೂಗುತ್ತಿತ್ತು.

ಹಾಗಾಗಿ ಗ್ರಾಮ ಪಂಚಾಯಿತಿ ಚುನಾವಣೆಗೆ ಮತಪತ್ರವೆಂದೂ, ಅದೇ ತಾಲೂಕಿನ ಮುಧೋಳದಾಚೆಯ ಒಂದು ಹಳ್ಳಿಯ ಮತಗಟ್ಟೆಗೆ ಅವರೇ ಮುಖ್ಯ ಅಧಿಕಾರಿಯೆಂದೂ ಆದೇಶ ಬಂದಾಗ ಮಾಸ್ತರರು ಬೀಗರ ಮನೆಗೆ ಹೊರಟವರಂತೆ ಇಸ್ತ್ರಿ ಅಂಗಿ ತೊಟ್ಟರು. ಇನ್ನೊಂದು ಕಾರಣವೂ ಇತ್ತು. ಅವರ ಹೆಡ್‌ಮಾಸ್ತರ ಬಡ್ತಿಯ ಫೈಲು ಏಳು ವರ್ಷ ಕುಂಟುತ್ತ ಬಂದು ಈಗ ಶಿಕ್ಷಣಾಧಿಕಾರಿಯ ಮೇಜಿನ ಮೇಲೆ ಕೂತಿತ್ತು. ಚುನಾವಣೆ ಕೆಲಸ ಒಂದೂ ನೋಟೀಸಿಲ್ಲದೆ ಮುಗಿದರೆ ಸೋಮವಾರ ಸಹಿ. ನೋಟೀಸು ಬಂದರೆ ಫೈಲು ಮತ್ತೆ ಅಟ್ಟಕ್ಕೆ.

ಬೆಳಿಗ್ಗೆ ಏಳಕ್ಕೆ ಸಾಲಿನ ಮೊದಲಿಗೆ ಮುದುಕಿ ಗುಂಡಮ್ಮ ನಿಂತಿದ್ದಳು. ಸಿಬ್ಬಂದಿಯ ಸಪ್ನಾ ಮೇಡಂ ಬೆರಳಿಗೆ ಶಾಯಿ ಹಚ್ಚಿ ಮತಪತ್ರವನ್ನೂ ಠಸ್ಸೆಯನ್ನೂ ಕೈಗಿತ್ತರು. ರಟ್ಟಿನ ಮರೆಗೆ ಹೋದ ಗುಂಡಮ್ಮ ಐದು ನಿಮಿಷವಾದರೂ ಹೊರಗೆ ಬರಲಿಲ್ಲ.

"ಯಾಕ ಆಯಿ, ಆಗಿಲ್ಲೇನು?" ಮಾಸ್ತರರು ಕೂಗಿ ಕೇಳಿದರು.

"ಠಸ್ಸಿ ಒತ್ತೀನಪಾ. ಇನ್ನಾ ಕುಂಯ್ ಅಂದಿಲ್ಲ."

"ಇದು ಕಾಗದ ಅದ. ಕೂಗಲ್ಲ. ಮಡಚಿ ಪೆಟ್ಟಿಗ್ಯಾಗ ಹಾಕು."

"ಹೋದ ಸಾರಿ ಮಷೀನು ವಾಡಿ ಫ್ಯಾಕ್ಟರಿ ಭೋಂಗಾದಂಗ ಕೂಗಿತ್ತು. ಕೂಗಲಾರದ ವೋಟು ಬಿದ್ದದಂತ ನಾ ಹ್ಯಾಂಗ ನಂಬಲಿ? ಕೂಗೂತನಾ ನಾ ಇಲ್ಲಿಂದ ಅಲ್ಲಾಡಲ್ಲ!"

ಮಾಸ್ತರರು ಪ್ರಜಾಪ್ರಭುತ್ವದ ಮೇಲೆ ಸಣ್ಣ ಭಾಷಣವನ್ನೇ ಮಾಡಿದರು. ಅದು ಶಹಾಬಾದ ಪರಸಿಗಲ್ಲಿನ ಮೇಲೆ ಸುರಿದ ನೀರಿನಂತೆ ಹರಿದು ಹೋಯಿತು. ಹೊರಗೆ ಸಾಲು ಬೆಳೆದು ಶಾಲೆಯ ಗೇಟು ದಾಟಿತ್ತು. ಕೊನೆಗೆ ಮಾಸ್ತರರು ಮತದಾರರ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಗುಂಡಮ್ಮನ ಕಾಗದ ಪೆಟ್ಟಿಗೆಯ ಬಾಯಿಗೆ ಬಂದದ್ದೇ ತಡ, ಪಟ್ಟಿಯ ಹಿಂದಿನಿಂದ "ಕುಂಯ್ಯ್ಯ್!" ಎಂದರು.

"ಈಗ ಬಿತ್ತು ನೋಡು!" ಗುಂಡಮ್ಮ ಬೊಚ್ಚುಬಾಯಿ ತುಂಬ ನಕ್ಕು, ಮಷೀನು ಸರಿಯಾಗಿದೆ ಎಂದು ಸಾಲಿಗೆಲ್ಲ ಸಾರುತ್ತ ಹೋದಳು.

ಎರಡನೆಯವನೂ ಕಾದ, ಕೂಗಿದರು. ಮೂರನೆಯವಳೂ ಕಾದಳು, ಕೂಗಿದರು. ಹತ್ತು ಮಂದಿಗೆ ಕೂಗಿ, ಇನ್ನು ಸಾಕೆಂದು ಚಹಾದ ಲೋಟ ಬಾಯಿಗಿಟ್ಟಾಗ ಕೆಳಗಿನ ಓಣಿಯ ಯಂಕಮ್ಮ ವೋಟು ಹಾಕಿದಳು. ಸದ್ದಿಲ್ಲ. ಆಕೆ ಸೊಂಟಕ್ಕೆ ಕೈಯಿಟ್ಟಳು.

"ಯಾಕ್ರಿ ಸಾಹೇಬ್ರ, ಊರಾಗಿನ ಮಂದಿ ವೋಟಿಗಿ ಕೂಗ್ತದ, ನಮ್ಮ ಓಣಿ ವೋಟಿಗಿ ಬಾಯಿ ಬಿದ್ದದೇನು? ಬಾಬಾಸಾಹೇಬ್ರು ಎಲ್ಲರಿಗೂ ಒಂದೇ ವೋಟು ಬರದಾರ. ವೋಟು ಒಂದೇ ಇದ್ದರ ಕೂಗೂ ಒಂದೇ ಇರಬೇಕು!"

ಮಾಸ್ತರರಿಗೆ ಚಹಾ ನೆತ್ತಿಗೇರಿತು. ಐದನೆಯ ತರಗತಿಗೆ ವರ್ಷವೂ ತಾವೇ ಕಲಿಸುವ ಪಾಠ. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಲೋಟ ಕೆಳಗಿಟ್ಟು, ಪಟ್ಟಿ ಎತ್ತಿ, ಮೊದಲಿಗಿಂತ ಗಟ್ಟಿಯಾಗಿ ಕೂಗಿದರು. ಅಲ್ಲಿಂದ ಮುಂದೆ ಒಬ್ಬರನ್ನೂ ಬಿಡುವಂತಿರಲಿಲ್ಲ. ಯಂತ್ರದ ವೈರಿ ಮಧ್ಯಾಹ್ನದೊಳಗೆ ತಾನೇ ಯಂತ್ರವಾಗಿದ್ದ.

ಮಾಸ್ತರರ ಬೆನ್ನ ಹಿಂದಿನ ಬೆಂಚಿನಲ್ಲಿ ಎದುರಾಳಿ ಅಭ್ಯರ್ಥಿಗಳ ಏಜೆಂಟರು ಕೂತಿದ್ದರು: ಖಾಜಾಮಿಯಾ ಮತ್ತು ಜಗದೇವಪ್ಪ. ಅವರಿಗೆ ಕಾಣುತ್ತಿದ್ದುದು ಮಾಸ್ತರರ ಬೆನ್ನು ಮಾತ್ರ.

"ಜಗದೇವಪ್ಪನ ಮಂದಿಗಿ ಉದ್ದ ಕೂಗ್ತದ, ನಮ್ಮವರಿಗಿ ಮೋಟು!" ಖಾಜಾಮಿಯಾ ತಕರಾರು ತೆಗೆದರು.

ಅಷ್ಟರಲ್ಲಿ ಮಾಸ್ತರರಿಗೆ ಕೆಮ್ಮು ಬಂದು ಒಂದೇ ಕಾಗದಕ್ಕೆ ಎರಡು ಸಲ ಕುಂಯ್ ಹೊರಬಿತ್ತು. ಜಗದೇವಪ್ಪ ಜಿಗಿದೆದ್ದರು. "ಎರಡು ವೋಟು ಬಿದ್ದಾವ! ನಾ ಒಪ್ಪಲ್ಲ! ಟೇಬಲ್ ಬುಡಕ ಏನೋ ಮಷೀನು ಇಟ್ಟಾರ ಇವರು!"

ಇಪ್ಪತ್ತು ವರ್ಷದ ವೈರಿಗಳು ಮೊದಲ ಸಲ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಹೋಗಿ, ಒಂದೇ ತಕರಾರು ಅರ್ಜಿಗೆ ಇಬ್ಬರೂ ಸಹಿ ಹಾಕಿ ಮೇಲಧಿಕಾರಿಗೆ ಕಳಿಸಿದರು.

ಸಂಜೆ ಐದಕ್ಕೆ ಐದುನೂರಾ ಹದಿನಾರನೆಯ ಕುಂಯ್ ಮುಗಿದು ಪೆಟ್ಟಿಗೆಗೆ ಅರಗು ಬೀಳುವಾಗಲೇ ಚುನಾವಣೆಯ ಮೇಲಧಿಕಾರಿಯ ಜೀಪು ಬಂತು. ಸಾಹೇಬರು ಟೇಬಲ್ ಬುಡ, ಸುಣ್ಣದಕಡ್ಡಿಯ ಡಬ್ಬ, ಬಿಸಿಯೂಟದ ಅಕ್ಕಿ ಚೀಲ ಎಲ್ಲ ತಡಕಿದರು. ಏನೂ ಸಿಗಲಿಲ್ಲ.

"ಮಷೀನು ಇಲ್ಲರಿ ಸರ್. ನಮ್ಮ ಸರ್ರೇ ಬಾಯಿಲೆ ಕೂಗ್ಯಾರ," ಎಂದರು ಸಪ್ನಾ ಮೇಡಂ.

"ಐದುನೂರಾ ಹದಿನಾರು ಸಲ? ನನಗೇನು ಹುಚ್ಚ ಅನ್ಕೊಂಡೀರೇನ್ರಿ? ಹಂಗಾರ ಎಲ್ಲಿ, ಒಮ್ಮಿ ಕೂಗಿ ತೋರಸ್ರಿ ಮಾಸ್ತರ."

ಮಾಸ್ತರರು ಎದೆಯುಬ್ಬಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದರು. ಪಂಕ್ಚರ್ ಆದ ಸೈಕಲ್ಲಿನಂತೆ ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಅದೂ ಗಾಳಿಯೇ.

ಸಾಹೇಬರು ಬಾಗಿಲಲ್ಲಿ ನೆರೆದ ಮಂದಿಯ ಕಡೆ ತಿರುಗಿದರು. "ನೀವು ಹೇಳ್ರಿ. ಮಷೀನು ಇತ್ತೋ ಇಲ್ಲೋ?"

ಗುಂಡಮ್ಮ ಮುಂದೆ ಬಂದಳು. ಪಾಪದ ಮಾಸ್ತರನಿಗೆ ಒಂದು ಒಳ್ಳೆಯ ಮಾತಾಡಬೇಕೆಂದೇ ಬಂದಳು. "ಇತ್ತರಿ ಸಾಹೇಬ. ಭಾಳ ಛಲೋ ಮಷೀನು. ಮಾಸ್ತರ ಭಾಳ ಜ್ವಾಪಾನ ಮಾಡ್ಯಾರ."

"ಊರು, ಓಣಿ ಅಂತ ಭೇದ ಮಾಡಲಾರದ ಮಷೀನು ರಿ," ಯಂಕಮ್ಮ ಮನಸಾರೆ ಸೇರಿಸಿದಳು. "ಇಂಥಾದು ಎಲ್ಲಾ ಕಡಿ ಕೊಡ್ರಿ."

ಊರೆಲ್ಲ ಹೌದು ಹೌದೆಂದಿತು. ಮಾಸ್ತರರು ಎರಡೂ ಕೈ ಅಗಲಿಸಿ ಆಡಿಸಿ ಸನ್ನೆಯಲ್ಲೇ ಇಲ್ಲ ಇಲ್ಲವೆಂದರು. ಮಷೀನು ಎಷ್ಟು ದೊಡ್ಡದಿತ್ತೆಂದು ತೋರಿಸುತ್ತಿದ್ದಾರೆಂದು ಸಾಹೇಬರು ಅಳತೆ ಬರೆದುಕೊಂಡರು.

"ಮಷೀನು ಎಲ್ಲಿ ದಾಟಿಸೀರಂತ ನಾಳಿ ಒಳಗ ಬರದು ಕೊಡ್ರಿ," ಎಂದು ನೋಟೀಸಿಗೆ ಠಸ್ಸೆ ಒತ್ತಿ, ಮಾಸ್ತರರ ಅಂಗೈಯಲ್ಲಿಟ್ಟು ಜೀಪು ಹತ್ತಿದರು.

ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತರು. ಕಾಗದ. ಕಣ್ಣಿಗೂ ಚೆನ್ನಾಗಿ ಕಾಣುತ್ತಿತ್ತು, ಕೈಗೂ ಚೆನ್ನಾಗಿ ಹತ್ತುತ್ತಿತ್ತು.