ಹೆಡ್‌ಲೈಟ್ ಹಾಕಿದರೆ ಹಾಡುವ ಕಾರು

ಕಾರಿನ ರೇಡಿಯೋ ಬದಲಿಸಲು ಏನೇನು ಬೇಕು? ಒಂದು ಸ್ಕ್ರೂಡ್ರೈವರ್, ಒಂದು ಇಕ್ಕಳ, ಒಂದಿಷ್ಟು ತಾಳ್ಮೆ. ಮೊದಲಿನ ಎರಡು ಪಕ್ಕದ ಮನೆಯ ಬಸಣ್ಣನ ಹತ್ತಿರ ಇದ್ದವು. ಮೂರನೆಯದು ನನ್ನಲ್ಲಿ ಧಾರಾಳವಾಗಿದೆ ಎಂದು ನಂಬಿದ್ದೆ.

ನಾನು ಶಹಾಪುರದಲ್ಲಿ ಹೈಸ್ಕೂಲ್ ಕನ್ನಡ ಮಾಸ್ತರ. ನೀರಾವರಿ ಇಲಾಖೆಯ ಕಾಲುವೆ ಕ್ಯಾಂಪಿನಲ್ಲಿದ್ದ ಎಂಜಿನಿಯರರೊಬ್ಬರು ನಿವೃತ್ತರಾಗಿ ಊರು ಬಿಡುವಾಗ ಅವರ ಹಳೇ ಕಾರನ್ನು ಕೊಂಡಿದ್ದೆ. ಕಾರು ಗಟ್ಟಿ. ಅದರ ಜೊತೆ ಕಂಪನಿಯಿಂದಲೇ ಬಂದಿದ್ದ ರೇಡಿಯೋ ಮಾತ್ರ ಕ್ಯಾಸೆಟ್ ನುಂಗುತ್ತಿತ್ತೇ ಹೊರತು ಉಗುಳುತ್ತಿರಲಿಲ್ಲ. ಯಾವ ಸ್ಟೇಷನ್ನಿಗೆ ತಿರುವಿದರೂ ಒಗ್ಗರಣೆಗೆ ಸಾಸಿವೆ ಬಿದ್ದ ಸದ್ದು!

ಆ ಹೊತ್ತಿಗೆ ನನ್ನ ನಾದಿನಿ ರೇಣುಕಾಳ ಮದುವೆಯ ಮಾತು ನಡೆದಿತ್ತು. ಅದಕ್ಕೂ ಮೊದಲು ಮೂರು ಸಂಬಂಧ ಬಂದು ತಪ್ಪಿಹೋಗಿದ್ದವು. ಈ ಸಲ ಹುಡುಗ ಒಪ್ಪಿದ್ದ. ರಾಯಚೂರಿನಿಂದ ಅವನ ತಂದೆ ತಾಯಿ ಬಂದು, ಸುರಪುರದಲ್ಲಿ ನಮ್ಮ ಮಾವನವರ ಮನೆ ನೋಡಿ "ಹೂಂ" ಅನ್ನುವುದೊಂದೇ ಬಾಕಿ. ಅವರನ್ನು ಯಾದಗಿರಿ ಸ್ಟೇಷನ್ನಿನಿಂದ ಸುರಪುರಕ್ಕೆ ಕರೆತರುವ ಮಹತ್ತರ ಜವಾಬ್ದಾರಿ ಹಿರಿಯ ಅಳಿಯನಾದ ನನ್ನ ಹೆಗಲಿಗೆ ಬಿತ್ತು. ಅಂಥವರನ್ನು ಸಾಸಿವೆ ಸದ್ದಿನಲ್ಲಿ ಕರೆತರುವುದೇ? ಹೊಸ ಸೆಟ್ ತಂದೇಬಿಟ್ಟೆ. ಪೆನ್ ಡ್ರೈವ್ ಚುಚ್ಚಿದರೆ ಹಾಡುವಂಥದ್ದು!

"ಮಾಸ್ತರ, ಪ್ಯಾಟ್ಯಾಗ ಮೆಕ್ಯಾನಿಕ್ ಅದಾನ. ಅವನಿಗೆ ಹತ್ತು ಮಿನಿಟಿನ ಕೆಲಸ," ಎಂದ ಬಸಣ್ಣ, ಇಕ್ಕಳ ಕೊಡುತ್ತಾ.

"ಹತ್ತು ಮಿನಿಟಿನ ಕೆಲಸಕ್ಕ ಮೆಕ್ಯಾನಿಕ್ ಯಾಕೋ ಬಸಣ್ಣ?" ಎಂದೆ.

ಬೆಳಿಗ್ಗೆ ಎಂಟಕ್ಕೆ ಕುಳಿತವನು ಮಧ್ಯಾಹ್ನ ಒಂದಕ್ಕೆ ಹಳೇ ರೇಡಿಯೋವನ್ನು ಹೊರಗೆಳೆದೆ. ಅದಕ್ಕಾಗಿ ಅಡುಗೆಮನೆಯ ಎರಡು ಚಮಚೆ ಮತ್ತು ಒಂದು ಸೌಟು ಸೊಟ್ಟಗಾದವು. ಹಳೇ ರೇಡಿಯೋದ ಪ್ಲಗ್ಗು ಹೊಸದಕ್ಕೆ ಕೂಡಲಿಲ್ಲ. ಹೀಗಾಗಿ ಎರಡೂ ಪ್ಲಗ್ಗು ಕತ್ತರಿಸಿ ಒಗೆದೆ. ಈಗ ಒಂದು ಕಡೆ ಎಂಟು ವೈರು, ಇನ್ನೊಂದು ಕಡೆ ಒಂಬತ್ತು. ಬಣ್ಣಕ್ಕೂ ಬಣ್ಣಕ್ಕೂ ತಾಳೆ ಇಲ್ಲ. ಕಣ್ಣಿಗೆ ಚಂದ ಕಂಡ ಜೋಡಿಗಳನ್ನು ಕೂಡಿಸಿದೆ. ಟೇಪು ಮುಗಿದಾಗ ಗಾಯಕ್ಕೆ ಹಚ್ಚುವ ಪಟ್ಟಿ ಸುತ್ತಿದೆ.

ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು, ಕಾರಿಗಿ ಆಪರೇಷನ್ ಮಾಡಾಕತ್ತೀರೇನು?"

"ಸುಮ್ಮ ನೋಡು ಈಗ!" ಎಂದು ಚಾವಿ ತಿರುವಿದೆ. ಸೆಟ್ ಸುಮ್ಮನಿತ್ತು. ವೈಪರ್ ಹಾಕಿದೆ. ಸುಮ್ಮನಿತ್ತು. ಹೆಡ್‌ಲೈಟ್ ಹಾಕಿದೆ. ಹಾಡು ಬಂತು!

"ಮತ್ತ ಹಗಲೊತ್ತಿನಾಗ?" ಎಂದಳು ಶಾಂತಾ.

"ಹಗಲೊತ್ತಿನಾಗೂ ಲೈಟ್ ಹಾಕಿದ್ರಾತು!"

ಅವಳು ಹಣೆ ಮುಟ್ಟಿಕೊಂಡು ಒಳಗೆ ಹೋದಳು. ಸೆಟ್ಟಿಗಿಂತ ಅದನ್ನು ಕೂರಿಸುವ ಗೂಡು ದೊಡ್ಡದಿತ್ತು. ಸಂದಿಗೆ ಊದಿನಕಡ್ಡಿ ಡಬ್ಬಿಯ ರಟ್ಟು ತುರುಕಿದೆ. ಕಾರು ಪರಿಮಳಿಸಿತು. ಅದನ್ನೂ ಒಂದು ಸುಧಾರಣೆ ಎಂದೇ ಲೆಕ್ಕ ಹಿಡಿದೆ.

ಎರಡು ದಿನದ ಮೇಲೆ, ಶಾಂತಾ ಮೊದಲೇ ತವರಿಗೆ ಹೋಗಿ ಹೋಳಿಗೆ ಮಾಡುತ್ತಿದ್ದಾಗ, ನಾನು ಯಾದಗಿರಿ ಸ್ಟೇಷನ್ನಿನಲ್ಲಿ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದೆ. ಹುಡುಗನ ತಂದೆ ಸಿದ್ರಾಮಪ್ಪನವರು ರೈಲಿನಿಂದ ಇಳಿದರು. ಹಣೆ ತುಂಬ ವಿಭೂತಿ, ಮಾತು ಕಮ್ಮಿ. ಅವರ ಹೆಂಡತಿ ಗಂಗಮ್ಮನವರ ನೋಟ ಒಂದೇ ಸಲಕ್ಕೆ ಕಾರನ್ನೂ ನನ್ನನ್ನೂ ತೂಗಿತು.

ಮಟಮಟ ಮಧ್ಯಾಹ್ನ. ಹೆಡ್‌ಲೈಟ್ ಹಾಕಿದೆ. ಭಕ್ತಿಗೀತೆ ಹೊರಟಿತು. ಸಿದ್ರಾಮಪ್ಪನವರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತಲೆದೂಗಿದರು. ನನ್ನ ಎದೆ ಅರಳಿತು.

ಭೀಮಾ ಸೇತುವೆ ದಾಟುವಷ್ಟರಲ್ಲಿ ಎದುರಿಗೆ ಬಂದ ಲಾರಿಯವನು ಅಂಗೈ ಮುಚ್ಚಿ ತೆಗೆದು ಸನ್ನೆ ಮಾಡಿದ. ಲೈಟು ಉರಿಯಾಕತ್ತದ ಅಂತ. ಆಮೇಲೆ ಬಸ್ಸಿನವನು. ಆಮೇಲೆ ಬೈಕಿನವರು ಮೂವರೂ ಒಟ್ಟಿಗೆ. ದೋರನಹಳ್ಳಿಯಲ್ಲಿ ಕುರಿ ಕಾಯುವವನೂ ಕೋಲು ಕಂಕುಳಲ್ಲಿಟ್ಟು ಎರಡು ಕೈಯಿಂದ ಮಾಡಿದ!

"ನಿಮಗ ಈ ಕಡಿ ಭಾಳ ಮಂದಿ ಗುರುತದಾರ ಕಾಣ್ತದ," ಎಂದರು ಗಂಗಮ್ಮನವರು ಹಿಂದಿನಿಂದ.

"ಹೌದ್ರಿ, ಮಾಸ್ತರಿಕಿ ನೋಡ್ರಿ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಶಹಾಪುರ ಬಿಟ್ಟು ಹತ್ತಿಗೂಡೂರಿನಾಚೆ ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು. ಅಲ್ಲೊಂದು ಹಳ್ಳಿಯ ಮುಂದೆ ಯಾರೋ ಮಣ್ಣಿನಿಂದಲೇ ಸ್ಪೀಡ್ ಬ್ರೇಕರ್ ಕಟ್ಟಿದ್ದರು. ನನಗೆ ಅದು ಕಾಣಲಿಲ್ಲ. ಕಾರು ಹಾರಿತು. ಊದಿನಕಡ್ಡಿ ರಟ್ಟು ಕಿತ್ತುಬಂದು, ರೇಡಿಯೋ ವೈರುಗಳ ಸಮೇತ ಗೂಡಿನಿಂದ ಜಿಗಿದು ಸಿದ್ರಾಮಪ್ಪನವರ ತೊಡೆಯ ಮೇಲೆ ಕೂತಿತು. ಪಟ್ಟಿ ಬಿಚ್ಚಿದ ವೈರುಗಳು ತಾವೇ ಹೊಸ ಸಂಬಂಧ ಬೆಳೆಸಿಕೊಂಡವು. ಹಾರ್ನ್ ತಾನಾಗಿಯೇ ಕಿರುಚತೊಡಗಿತು. ಭಕ್ತಿಗೀತೆ ನಿಂತು, ಅದರ ಮುಂದಿನದು ಶುರುವಾಯಿತು. ಅದು ಹಾಡಲ್ಲ. ನನ್ನದೇ ದನಿ!

"ರೈತ ಬಾಂಧವರ ಗಮನಕ್ಕೆ! ನಾಳೆ ಬೆಳಗಿನಿಂದ ಕಾಲುವೆಗೆ ನೀರು ಹರಿಸಲಾಗುವುದು! ದಂಡೆಯ ಮೇಲೆ ದನಕರು ಬಿಡಬಾರದು!"

ಹಿಂದಿನ ವರ್ಷ ಕ್ಯಾಂಪಿನವರು, ನನ್ನ ಕಂಠ ಚಲೋ ಅದ ಎಂದು, ಜೀಪಿನಲ್ಲಿ ಹಾಕಿ ಊರೂರಿಗೆ ಸಾರಲು ಹೇಳಿಸಿದ ಪ್ರಕಟಣೆ ಅದು. ನಾಲ್ಕು ಮಂದಿಗೆ ಕೇಳಿಸೋಣವೆಂದು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ. ಈಗ ನಾಲ್ಕು ಹಳ್ಳಿಗೆ ಕೇಳಿಸುತ್ತಿತ್ತು!

ಕಾರನ್ನು ಬದಿಗೆ ನಿಲ್ಲಿಸಿದೆ. ದನಿ ಕಡಿಮೆ ಮಾಡುವ ಗುಂಡಿ ಒಳಗೆ ಕುಸಿದಿತ್ತು. ಲೈಟ್ ಆರಿಸಿದೆ, ನಿಲ್ಲಲಿಲ್ಲ. ಚಾವಿಯನ್ನೇ ಕಿತ್ತೆ, ನಿಲ್ಲಲಿಲ್ಲ. ಪೆನ್ ಡ್ರೈವ್ ಎಳೆದೆ. ಮೇಲಿನ ಕವಚ ಮಾತ್ರ ಕೈಗೆ ಬಂತು. "ತಪ್ಪಿದವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು!" ಎಂದು ನಾನೇ ನನ್ನನ್ನು ಗದರಿಸಿದೆ.

ಗದ್ದೆಗಳಿಂದ ಮಂದಿ ಓಡಿ ಬಂದರು. ವಿಭೂತಿ ಹಚ್ಚಿ, ತೊಡೆಯ ಮೇಲೆ ಯಂತ್ರ ಇಟ್ಟುಕೊಂಡು ಗಂಭೀರವಾಗಿ ಕೂತ ಸಿದ್ರಾಮಪ್ಪನವರನ್ನು ಕಂಡು ಕೈ ಮುಗಿದರು.

"ಸಾಹೇಬ್ರ, ಖರೇನ ನೀರು ಬಿಡ್ತೀರೇನ್ರಿ ನಾಳಿಗಿ?"

"ನಮ್ಮ ಕಡೀ ಹೊಲಕ್ಕ ಹ್ವಾದ ಸಲಾನೂ ಹನಿ ನೀರು ಬಂದಿಲ್ರಿ!"

ಅಷ್ಟೊತ್ತು ತುಟಿ ಬಿಚ್ಚದ ಸಿದ್ರಾಮಪ್ಪನವರು ಬಾಯಿ ತೆರೆದರು. "ನಾ ಸಾಹೇಬ ಅಲ್ಲಪ್ಪಾ. ಹೆಣ್ಣಿನ ಮನಿ ನೋಡಾಕ ಬಂದೀನಿ."

"ಮತ್ತ ನೀರಿನ ಸುದ್ದಿ ಯಾಕ ಹೇಳಾಕತ್ತೀರಿ?"

ಆ ಪ್ರಶ್ನೆಗೆ ಅವರು ನನ್ನತ್ತ ನೋಡಿದರು. ಊರೆಲ್ಲ ನನ್ನತ್ತ ನೋಡಿತು. ನಾನು ಉತ್ತರಕ್ಕೆ ತಡವರಿಸುತ್ತಿದ್ದರೆ ತೊಡೆಯ ಮೇಲಿನ ನಾನು ನಿರರ್ಗಳವಾಗಿ ಮಾತಾಡುತ್ತಿದ್ದೆ. ಸೆಟ್ ಬೇರೆ ಕಾದು ಬಿಸಿಯಾಗುತ್ತಿತ್ತು. "ಯಪ್ಪಾ, ತೊಡಿ ಸುಡಾಕತ್ತದ!" ಎಂದು ಸಿದ್ರಾಮಪ್ಪನವರು ಕೂಗಿದರು.

ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬಳು ಕುಡಗೋಲು ಹಿಡಿದೇ ಮುಂದೆ ಬಂದಳು. "ಯಾವುದು ಕೊಯ್ಯಲಿ ಯಪ್ಪಾ?"

"ಎಲ್ಲಾ ಕೊಯ್ಯವ್ವಾ, ಜಲ್ದಿ!" ಎಂದೆ.

ಒಂದೇ ಎಳೆತಕ್ಕೆ ಕೊಯ್ದಳು. ಚಟ್ ಎಂದು ಕಿಡಿ ಹಾರಿತು. ಪ್ರಕಟಣೆ ನಿಂತಿತು. ಹಾರ್ನ್ ನಿಂತಿತು. ಕಾರಿನ ಜೀವವೂ ನಿಂತಿತು. ಎಷ್ಟು ಚಾವಿ ತಿರುವಿದರೂ ಉಸಿರಿಲ್ಲ!

ಆಮೇಲೆ ನಡೆದದ್ದನ್ನು ನಮ್ಮ ಮನೆತನದ ಚರಿತ್ರೆಯಲ್ಲಿ ಯಾರೂ ಬರೆಯದಿರಲಿ. ರೈತರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. ಕಾರಿನ ಸ್ಟೇರಿಂಗ್ ಹಿಡಿಯಲು ನಾನು ಒಬ್ಬನೇ ಒಳಗೆ. ವರನ ತಂದೆ ತಾಯಿ ಟ್ರ್ಯಾಕ್ಟರಿನ ಎರಡು ಮಡ್‌ಗಾರ್ಡಿನ ಮೇಲೆ ಒಬ್ಬೊಬ್ಬರು. ದಾರಿಯುದ್ದಕ್ಕೂ ಟ್ರ್ಯಾಕ್ಟರಿನವನ ಜೊತೆ ಹತ್ತಿ, ಭತ್ತ, ನೀರಿನ ಪಾಳಿ ಎಂದು ಸಿದ್ರಾಮಪ್ಪನವರ ಮಾತೇ ಮಾತಂತೆ. ನನಗೆ ಒಂದೂ ಕೇಳಿಸಲಿಲ್ಲ. ಧೂಳು ಮಾತ್ರ ಬರೋಬ್ಬರಿ ಸಿಕ್ಕಿತು.

ಸುರಪುರದ ಮನೆಯ ಮುಂದೆ ಮಾವನವರು ಹಾರ ಹಿಡಿದು ನಿಂತವರು ನಿಂತಲ್ಲೇ ಕಲ್ಲಾದರು. ಶಾಂತಾ ಕಾರನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿ ಒಳಗೆ ಹೋದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ನಾಲ್ಕನೆಯ ಸಂಬಂಧವೂ ಹೋಯಿತು, ಅದೂ ನನ್ನ ಕೈಯಿಂದಲೇ, ಎಂದು ನಾನು ಬಚ್ಚಲ ಕಡೆ ಹೋಗಿ ಮುಖ ತೊಳೆಯುವ ನೆಪದಲ್ಲಿ ನಿಂತೆ. ಒಳಗೆ ರೇಣುಕಾ ಚಹಾ ಕಪ್ಪು ಜೋಡಿಸುವ ಸದ್ದು. ಕಪ್ಪುಗಳು ಒಂದಕ್ಕೊಂದು ತಾಗುತ್ತಿದ್ದವು.

ಊಟವಾದ ಮೇಲೆ ಗಂಗಮ್ಮನವರು ಬಾಯಿ ತೆರೆದರು. "ನೋಡ್ರಿ, ಇವರು ಮನ್ಯಾಗ ನನ್ನ ಜೋಡಿ ದಿನಕ್ಕ ನಾಕು ಮಾತಾಡಂಗಿಲ್ಲ. ಇವತ್ತು ಟ್ರ್ಯಾಕ್ಟರಿನ ಮ್ಯಾಲೆ ಎಷ್ಟು ಮಾತಾಡ್ಯಾರ! ಎಷ್ಟು ನಕ್ಕಾರ! ಹುಡುಗಿ ನಮಗ ಪಸಂದ ಅದಾಳ."

ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದರು. ನಾನೂ ಎದೆ ಸೆಟೆಸಿ ಪಡಸಾಲೆಗೆ ಬಂದೆ. ಎಷ್ಟೆಂದರೂ ಈ ಸಂಬಂಧ ಕುದುರಿಸಿದ್ದು ನನ್ನ ಕೈಚಳಕವಲ್ಲವೇ? ಅಷ್ಟರಲ್ಲಿ ಯಾರೋ ಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆತಂದು ಕಾರು ಚಾಲೂ ಮಾಡಿಸಿದ್ದರು. ಅವನಿಗೆ ಹಿಡಿದದ್ದು ಹತ್ತೇ ನಿಮಿಷ.

ಹೊರಡುವ ಹೊತ್ತಿಗೆ ನಾನು ಕಾರಿನ ಬಾಗಿಲು ತೆಗೆದು ಹಿಡಿದೆ. "ಬರ್ರಿ ಯಜಮಾನ್ರ, ಬಸ್ ಸ್ಟ್ಯಾಂಡ್ ತನಕರ ಬಿಡ್ತೀನಿ."

ಸಿದ್ರಾಮಪ್ಪನವರು ಎರಡೂ ಕೈ ಜೋಡಿಸಿದರು. "ಬ್ಯಾಡ್ರಿ ಮಾಸ್ತರ. ಊಟ ಜಾಸ್ತಿ ಆಗ್ಯಾದ, ನಡಕೋತ ಹೋಗ್ತೀವಿ."

ಬಿಸಿಲಿನಲ್ಲಿ ಇಬ್ಬರೂ ಚುರುಕಾಗಿ ನಡೆದರು. ಅವರನ್ನು ಕಳಿಸಿಬರಲು ಮಾವನವರು ಹೊರಟರು. ಅವರ ಹಿಂದೆ ಶಾಂತಾಳೂ ಚಪ್ಪಲಿ ಮೆಟ್ಟಿಕೊಂಡಳು.

"ನೀ ಎಲ್ಲಿಗಿ?" ಎಂದೆ.

"ಶಹಾಪುರಕ್ಕ," ಎಂದಳು. "ಬಸ್ಸಿಗಿ."