ನಮ್ಮ ಗ್ಯಾರೇಜಿಗೆ ಟೇಪು ಬಂದಾಗ

ಗ್ಯಾರೇಜು ಇಟ್ಟವನ ಬಾಗಿಲಿಗೆ ಹೆದರಿಕೆಯೂ ಗಾಡಿಯ ಹಾಗೆಯೇ ಬರುತ್ತದೆ. ಒಂದನ್ನು ಕಳಿಸುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ನಗು ಬರುವುದು ಅದು ಹೋದ ಮೇಲೆ. ಕೆಲವು ಸಲ ಆಗಲೂ ಬರುವುದಿಲ್ಲ.

ಗಂಗಾವತಿಯಲ್ಲಿ ರಸ್ತೆಗೆ ಹತ್ತಿ ನನ್ನ ಗ್ಯಾರೇಜು. ಟ್ರ್ಯಾಕ್ಟರ್, ಟೆಂಪೋ ರಿಪೇರಿ. ಪಕ್ಕದ ತಗಡಿನ ಶೆಡ್ಡು ವೆಲ್ಡಿಂಗ್‌ನವನದು. ಕೊಪ್ಪಳ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು. ಕಚೇರಿಗಳ ಹಿಂದೆ ನಿಯಮಗಳು ಬಂದವು. ಮನೆಗಳಿರುವ ಕಡೆ ಗ್ಯಾರೇಜು ಇರಕೂಡದು, ಊರ ಹೊರಗೆ ಹೋಗಬೇಕು ಎಂಬುದು ಅವುಗಳಲ್ಲೊಂದು. ಕುಷ್ಟಗಿಯಲ್ಲಿ ನನ್ನ ಪರಿಚಯದವನೊಬ್ಬ ಹಾಗೆ ಹೊರಗೆ ಹೋದ. ಅವನ ಗ್ಯಾರೇಜಿಗೆ ನೆರಳು ಹುಡುಕಿಕೊಂಡು ಕುರಿಗಳು ಬರುತ್ತಿದ್ದವು, ಗಾಡಿ ಬರುತ್ತಿರಲಿಲ್ಲ. ನನ್ನ ಕೈ ನಟ್ಟು ತಿರುಗಿಸುವ ಪಾನಾ ಬಿಟ್ಟು ಬೇರೇನೂ ಹಿಡಿದದ್ದಲ್ಲ. ಗ್ಯಾರೇಜು ಹೋದರೆ ನಾನೂ ಹೋದಂತೆ.

೧. ಸಪ್ಪಳ

ಎದುರು ಮನೆಯ ನಿವೃತ್ತ ಮಾಸ್ತರು ದೂರು ಕೊಟ್ಟರು. ಗ್ಯಾರೇಜಿನ ಸಪ್ಪಳಕ್ಕೆ ನಿದ್ದೆ ಇಲ್ಲವೆಂದು. ನೋಡಲು ಕಚೇರಿಯ ಸಾಹೇಬರು ಬರುತ್ತಾರೆಂದು ತಿಳಿಯಿತು. ವೆಲ್ಡಿಂಗ್‌ನವನು ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಮಿಸ್ತ್ರಿ, ನಾಳೆ ಬರ್ತಾರಂತ. ಸಪ್ಪಳ ಆಗಬಾರ್ದು."

"ಮಾಡಬ್ಯಾಡ."

"ಕೆಮ್ಮು ಬಂದ್ರ?"

"ನುಂಗು."

ಮರುದಿನ ಸಾಹೇಬರು ಬಂದರು. ನಾವು ಕೈಕಟ್ಟಿ ಕುಳಿತಿದ್ದೆವು. ಒಂದು ನಟ್ಟೂ ತಿರುಗಲಿಲ್ಲ. ಸಾಹೇಬರು ತಲೆ ವಾಲಿಸಿ ಆಲಿಸಿದರು. ನನ್ನ ಎದೆ ಬಡಿಯುತ್ತಿದ್ದುದು ಅವರಿಗೆ ಕೇಳಿಸೀತೆಂದು ನಾನು ಹೆದರಿದೆ.

"ಏನೂ ಸಪ್ಪಳ ಇಲ್ಲಲ್ರೀ?" ಎಂದರು.

ಅಷ್ಟಕ್ಕೆ ಮಾಸ್ತರು ಮನೆಯಿಂದ ಓಡಿಬಂದರು. "ಇಲ್ಲೇನ್ರಿ? ದಿನಾ ತೆಲಿ ಒಡದು ಹೋಗ್ತೈತಿ! ಇವತ್ತ ಸುಮ್ನ ಕುಂತಾರ ನೋಡ್ರಿ, ಕಳ್ಳರು! ಏ, ಬಡೀರಲೇ! ಬಡೀರಿ ಈಗ!"

ಓಣಿಯ ನಾಯಿಗಳೆಲ್ಲ ಬೊಗಳತೊಡಗಿದವು. ಯಾರದೋ ಮನೆಯ ತೊಟ್ಟಿಲ ಕೂಸು ಎದ್ದು ಅತ್ತಿತು. ಜನ ಬಾಗಿಲು ತೆರೆದು ಹೊರಗೆ ಬಂದರು. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡರು.

"ಮಾಸ್ತರ, ಗ್ಯಾರೇಜಿನ ಮಾತು ಆಮ್ಯಾಲಿರ್ಲಿ. ಮದಲ ನಿಮ್ಮನ್ನ ಊರ ಹೊರಗ ಹಾಕಬೇಕಾಗ್ತೈತಿ."

೨. ಕಿಡಿ

ಆ ನೆಮ್ಮದಿ ಭಾಳ ದಿನ ಉಳಿಯಲಿಲ್ಲ. ವೆಲ್ಡಿಂಗ್ ಶೆಡ್ಡಿನ ಆಚೆ ಖಾಲಿ ಜಾಗವಿತ್ತು. ಅಲ್ಲಿ ಪೆಟ್ರೋಲ್ ಬಂಕು ಬರುತ್ತದೆಂದು ಸುದ್ದಿಯಾಯಿತು. ಬಂಕಿನ ಹತ್ತಿರ ಬೆಂಕಿಯ ಕೆಲಸ ನಡೆಸಕೂಡದು. ಬಂಕು ಹಾಕುವವರು ದೊಡ್ಡವರು. ಅವರು, ನಾವು ಇಬ್ಬರಲ್ಲಿ ಯಾರು ಜಾಗ ಬಿಡಬೇಕಾಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅದೇ ಸಾಹೇಬರು ಟೇಪು ಹಿಡಿದು ಬಂದರು. ಒಂದು ತುದಿಯನ್ನು ವೆಲ್ಡಿಂಗ್‌ನವನ ಕೈಗೆ ಕೊಟ್ಟರು. ಅವನ ಕೈ ನಡುಗಿತು. ಟೇಪೂ ನಡುಗಿತು. ಸಾಹೇಬರಿಗೆ ಅಳತೆ ಓದಲಾಗಲಿಲ್ಲ.

"ಗಟ್ಟಿ ಹಿಡೀರಿ."

"ಗಟ್ಟಿ ಹಿಡದೀನ್ರಿ. ಕೈನ ನಿಲ್ಲವಲ್ದು."

ಸಾಹೇಬರು ಬೇಸತ್ತು ಸಿಗರೇಟು ಬಾಯಿಗಿಟ್ಟರು. ಕಡ್ಡಿಪೆಟ್ಟಿಗೆ ತೆಗೆದರು. "ಇಲ್ಲಿ ದಿನಾ ಬೆಂಕಿ ಹಚ್ಚತೀರಿ?"

"ದೇವರಾಣಿ ಬೆಂಕಿ ಅಲ್ರಿ ಸಾಹೇಬ್ರ. ಬರೇ ಕಿಡಿ."

"ಎಲ್ಲೀತನಕಾ ಹಾರ್ತಾವು?"

"ಭಾಳ ದೂರ ಇಲ್ರಿ. ನಿಮ್ಮ ಹಿಂದ ಗ್ಯಾಸ್ ಸಿಲಿಂಡರ್ ಐತಲ್ರಿ, ಅಲ್ಲೀತನಕಾ ಅಷ್ಟ. ಅದೂ ಒಮ್ಮೊಮ್ಮೆ."

ಸಾಹೇಬರು ಹಿಂದೆ ತಿರುಗಿ ನೋಡಿದರು. ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ಕಿಸೆಗೆ ಇಳಿಸಿದರು. ಉಳಿದ ಅಳತೆಯನ್ನು ರಸ್ತೆಯ ಆಚೆ ನಿಂತು, ಕಣ್ಣಂದಾಜಿನಲ್ಲೇ ಮುಗಿಸಿದರು.

೩. ಆಕ್ಸಲ್

ಕಣ್ಣಂದಾಜು ನಮಗೆ ವಿರುದ್ಧವಾಯಿತು. ಬಂಕು ಬಂದರೆ ನಾವಿಬ್ಬರೂ ಊರ ಹೊರಗೆ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಎಂಥ ಸುದ್ದಿಗೂ ಅವಳು ಹಾಗೆ ನಿಲ್ಲಿಸಿದವಳಲ್ಲ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ. ಆ ದಿನ ನೋಡಿ ವೆಲ್ಡಿಂಗ್‌ನವನು ಒಂದು ಮುರಿದ ಟ್ರ್ಯಾಕ್ಟರ್ ಆಕ್ಸಲನ್ನು ಖಾಲಿ ಜಾಗದ ಅಂಚಿಗೆ ನೆಟ್ಟಗೆ ನಿಲ್ಲಿಸಿದ. ಅರಿಸಿನದ ಭಂಡಾರ, ಕುಂಕುಮ ಬಳಿದ. ಹಸಿರು ಖಣ ಸುತ್ತಿದ. ನಿಂಬೆಹಣ್ಣಿನ ಸರ ಹಾಕಿದ.

"ದೇವ್ರಿದ್ದಲ್ಲಿ ಬಂಕು ಹೆಂಗ ಹಾಕ್ತಾರ ನೋಡೂಣು," ಎಂದ.

ಅಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವ ಟೆಂಪೋಗಳು ನಿಲ್ಲತೊಡಗಿದವು. ನವಲಿಯವರು, ಹುಲಿಹೈದರದವರು ಇಳಿದು ಕಾಯಿ ಒಡೆದರು. ಓಣಿಯ ಒಬ್ಬ ಅಜ್ಜಿ ದಿನಾ ಕಸ ಹೊಡೆದು ನೀರು ಹಾಕತೊಡಗಿದಳು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಸಾಹೇಬರು ಬಂದರು. ಬೂಟು ಬಿಚ್ಚಿದರು. ಕೈ ಮುಗಿದರು. ಆಮೇಲೆ ಟೇಪು ಬಿಚ್ಚಿದರು.

"ಗುಡಿ ಹತ್ರ ಬಂಕು ಬರಂಗಿಲ್ಲ."

ನಾವು ಉಸಿರು ಬಿಟ್ಟೆವು.

"ಗ್ಯಾರೇಜೂ ಇರಂಗಿಲ್ಲ."

ಮತ್ತೆ ಹಿಡಿದೆವು.

ವೆಲ್ಡಿಂಗ್‌ನವನು ಅವರ ಕಾಲಿಗೆ ಬಿದ್ದ. "ಸಾಹೇಬ್ರ, ಅದು ದೇವರಲ್ರಿ! ಆಕ್ಸಲ್!"

ಅಜ್ಜಿ ಕಸಬರಿಗೆ ಎತ್ತಿದಳು. "ಯಾಂವಲೇ ಅಂವ, ನಮ್ಮವ್ವಗ ಆಕ್ಸಲ್ ಅನ್ನಾಂವ?"

"ಆಕ್ಸಲ್ ಆದ್ರ ಕಿತ್ತು ತಗೀರಿ," ಎಂದರು ಸಾಹೇಬರು.

ಅವನು ಹಿಂದೆ ಸರಿದ. "ನಾನ ಇಟ್ಟೀನ್ರಿ, ಖರೆ. ಈಗ ಮುಟ್ಟಾಕ ಅಂಜಿಕಿ ಬರ್ತೈತ್ರಿ." ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಸಾಹೇಬರೇ ಕೈ ಚಾಚಿದರು. ಗಾಳಿಗೆ ನಿಂಬೆಹಣ್ಣಿನ ಸರ ಅಲ್ಲಾಡಿತು. ಚಾಚಿದ ಕೈ ತಿರುಗಿ ಬಂದು ಅವರ ಗಲ್ಲವನ್ನೇ ಬಡಿಯಿತು, ಈ ಕಡೆ ಒಮ್ಮೆ, ಆ ಕಡೆ ಒಮ್ಮೆ.

ಅಜ್ಜಿ ನೀರಿನ ಕೊಡ ತರಲು ಹೋದಳು. ನಾನು ಕೇಳಿದೆ. "ಸಾಹೇಬ್ರ, ದೇವ್ರಿದ್ರ ಗುಡಿ ಅಂತ ನಾವು ಹೋಗಬೇಕು. ಇಲ್ಲಂದ್ರ ಬಂಕು ಅಂತ ಹೋಗಬೇಕು. ನಾವು ಇರೂದು ಹೆಂಗ?"

ಸಾಹೇಬರು ಸುತ್ತ ನೋಡಿದರು. ದನಿ ತಗ್ಗಿಸಿದರು.

"ಬಂಕಿನವ್ರು ಬಂದಾಗ ದೇವ್ರಿರ್ಲಿ. ನಾನು ಬಂದಾಗ ಆಕ್ಸಲ್ ಇರ್ಲಿ."

"ಅಜ್ಜಿ ಬಂದಾಗ್ರಿ?" ಎಂದ ವೆಲ್ಡಿಂಗ್‌ನವನು.

"ಆಕಿ ಬಂದಾಗ ನಾನಿರಂಗಿಲ್ಲ," ಎಂದು ಸಾಹೇಬರು ಬೂಟು ಕೈಯಲ್ಲೇ ಹಿಡಿದು ಜೀಪು ಹತ್ತಿದರು.